ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡು

ಬೀದರ್ ಜಿಲ್ಲೆಯ ಗಡಿಯಂಚಿನ ಕಮಲನಗರದಲ್ಲಿ ಒಂದು ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ನಾಲ್ಕು ಭಾಷೆಗಳು ಕಿವಿಗೆ ಬೀಳುತ್ತವೆ. ಕನ್ನಡದಲ್ಲಿ ಆರಂಭವಾದ ಮಾತು ಮರಾಠಿಗೆ ಹೊರಳಿ, ಚೌಕಾಸಿಯ ಹೊತ್ತಿಗೆ ದಖನಿಯಲ್ಲಿ ಮುಗಿಯುವುದುಂಟು. ತೆಲುಗು ಬಲ್ಲವರಿಗೂ ಅಲ್ಲಿ ಕೊರತೆಯಿಲ್ಲ. ಇಂಥ ಊರಿನವರಿಗೆ ಒಬ್ಬನ ಬಾಯಲ್ಲಿ ಎರಡು ಮೂರು ಭಾಷೆ ಬಂದರೆ ಅದೊಂದು ಸುದ್ದಿಯೇ ಅಲ್ಲ. ಆದರೆ 1978ರಲ್ಲಿ ಕನ್ನಡ ನಾಡಿನ ಚಿತ್ರಮಂದಿರಗಳಲ್ಲಿ ಒಬ್ಬರ ಬಾಯಿಂದ ಬೇರೆ ಭಾಷೆಯ ಹಾಡೊಂದು ಕೇಳಿಬಂದಾಗ ಅದು ನಿಜಕ್ಕೂ ಸುದ್ದಿಯಾಯಿತು. ಹಾಡಿದವರು ರಾಜ್‌ಕುಮಾರ್. ಹಾಡಿದ ಭಾಷೆ ಇಂಗ್ಲಿಷ್.

ಚಿತ್ರದ ಹೆಸರು 'ಆಪರೇಷನ್ ಡೈಮಂಡ್ ರಾಕೆಟ್'. ಹಾಡು 'ಇಫ್ ಯು ಕಮ್ ಟುಡೇ'. ಸಂಗೀತ ಜಿ.ಕೆ. ವೆಂಕಟೇಶ್ ಅವರದು, ನಿರ್ದೇಶನ ದೊರೈ–ಭಗವಾನ್ ಜೋಡಿಯದು. ಪ್ರೇಯಸಿ ಯಾವ ಹೊತ್ತಿಗೆ ಬಂದರೆ ಚೆನ್ನ ಎಂಬ ತಮಾಷೆಯ ಲೆಕ್ಕಾಚಾರವೇ ಹಾಡಿನ ವಸ್ತು. ಯಾವ ವೇಳೆಯೂ ಒಗ್ಗುವುದಿಲ್ಲ. ಕೊನೆಗೆ ಹೊತ್ತು ಗೊತ್ತುಮಾಡುವ ಕೆಲಸ ಅವಳಿಗೇ ಬೀಳುತ್ತದೆ. ನಡುನಡುವೆ ಗಡಿಯಾರದ ಟಿಕ್ ಟಿಕ್. ಇಷ್ಟೇ ಹಾಡು. ರಾಜ್‌ಕುಮಾರ್ ಹಾಡಿದ ಭಕ್ತಿಗೀತೆಗಳು, ಪ್ರೇಮಗೀತೆಗಳು, ನಾಡುನುಡಿಯ ಗೀತೆಗಳು ಮನೆಮನೆಯ ಮಾತಾಗಿರುವಾಗ ಈ ಹಾಡು ಬಹುಕಾಲ ಅಭಿಮಾನಿಗಳ ನೆನಪಿನಲ್ಲಿ ಮಾತ್ರ ಉಳಿದಿತ್ತು. ಕರ್ನಾಟಕದ ಹೊರಗೆ ಇಂದಿಗೂ ಇದನ್ನು ಬಲ್ಲವರು ಕಡಿಮೆ. ಬಲ್ಲವರಲ್ಲೂ ಹಲವರು ಇದನ್ನು ನಗೆಯ ವಸ್ತುವಾಗಿಯೇ ಕಂಡರು. ಆದರೆ ಈ ಪುಟ್ಟ ಹಾಡಿನ ಹಿಂದೆ ಎಪ್ಪತ್ತರ ದಶಕದ ಕನ್ನಡ ಸಂಗೀತದ ಒಂದು ದೊಡ್ಡ ಕಥೆಯೇ ಅಡಗಿದೆ.

ಗೂಢಚಾರ ಬಂದ ದಾರಿ

ಈ ಕಥೆ ಆರಂಭವಾಗುವುದು ಇಂಗ್ಲೆಂಡಿನಲ್ಲಿ. 1962ರಲ್ಲಿ ಜೇಮ್ಸ್ ಬಾಂಡ್ ಸರಣಿಯ ಮೊದಲ ಚಿತ್ರ 'ಡಾಕ್ಟರ್ ನೋ' ತೆರೆಕಂಡಿತು. ಕೋಟು ತೊಟ್ಟ, ಪಿಸ್ತೂಲು ಹಿಡಿದ, ಎಲ್ಲಿಗೆ ಹೋದರೂ ಎದೆಗುಂದದ ಈ ಗೂಢಚಾರ ಕೆಲವೇ ವರ್ಷಗಳಲ್ಲಿ ಭಾರತದ ಭಾಷೆಗಳಲ್ಲೂ ಅವತಾರ ಎತ್ತಿದ. ತೆಲುಗಿನಲ್ಲಿ 1966ರಲ್ಲಿ ಕೃಷ್ಣ ಅಭಿನಯದ 'ಗೂಢಚಾರಿ 116' ಬಂತು. ಅದೇ ಕಥೆ ಮರುವರ್ಷ ಹಿಂದಿಯಲ್ಲಿ 'ಫರ್ಜ್' ಆಯಿತು. ತಮಿಳಿನಲ್ಲಿ ಜೈಶಂಕರ್ ಈ ಬಗೆಯ ಚಿತ್ರಗಳಿಗೆ ಹೆಸರಾದರು.

ಕನ್ನಡದಲ್ಲಿ ಈ ಸಾಹಸಕ್ಕೆ ಕೈಹಾಕಿದವರು ಛಾಯಾಗ್ರಾಹಕ ಬಿ. ದೊರೈರಾಜ್ ಮತ್ತು ಎಸ್.ಕೆ. ಭಗವಾನ್. 1968ರಲ್ಲಿ ಅವರ 'ಜೇಡರ ಬಲೆ' ತೆರೆಗೆ ಬಂತು. ಸಿ.ಐ.ಡಿ. 999 ಪ್ರಕಾಶ್ ಪಾತ್ರದಲ್ಲಿ ರಾಜ್‌ಕುಮಾರ್. ಕಣ್ಣಪ್ಪನಾಗಿ, ಕಬೀರನಾಗಿ, ಪುರಾಣದ ವೀರನಾಗಿ ಅವರನ್ನು ಕಂಡಿದ್ದ ಪ್ರೇಕ್ಷಕರು ಸೂಟುಬೂಟಿನ ಈ ಹೊಸ ರೂಪವನ್ನೂ ಒಪ್ಪಿಕೊಂಡರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಬಂದವು. ಆ ಬಳಿಕ ಗೂಢಚಾರ ಒಂಬತ್ತು ವರ್ಷ ವಿಶ್ರಾಂತಿ ಪಡೆದ. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಆ ಸರಣಿಯ ನಾಲ್ಕನೆಯ ಚಿತ್ರ.

ಈ ಒಂಬತ್ತು ವರ್ಷಗಳಲ್ಲಿ ಬಹಳಷ್ಟು ಬದಲಾಗಿತ್ತು. ದೊರೈ–ಭಗವಾನ್ 'ಕಸ್ತೂರಿ ನಿವಾಸ', 'ಎರಡು ಕನಸು', 'ಬಯಲುದಾರಿ'ಯಂಥ ಕೌಟುಂಬಿಕ ಚಿತ್ರಗಳಿಂದ ಹೆಸರು ಮಾಡಿದ್ದರು. 1972ರ 'ಬಂಗಾರದ ಮನುಷ್ಯ' ರಾಜ್‌ಕುಮಾರ್ ಅವರನ್ನು ನಟನಿಗಿಂತ ಮಿಗಿಲಾದ ಎತ್ತರಕ್ಕೆ ಏರಿಸಿತ್ತು. ಸಿಗರೇಟು, ಹೆಂಡ ಮುಟ್ಟದ, ಹಿರಿಯರಿಗೆ ತಲೆಬಾಗುವ ನಾಯಕನನ್ನು ನಾಡು ಅವರಲ್ಲಿ ಕಾಣತೊಡಗಿತ್ತು. ಇನ್ನೊಂದು ಬದಲಾವಣೆಯೂ ಆಗಿತ್ತು. 1968ರಲ್ಲಿ ಗೂಢಚಾರ ಪ್ರಕಾಶ್ ಹಾಡಿದ್ದು ಪಿ.ಬಿ. ಶ್ರೀನಿವಾಸ್ ಅವರ ಕಂಠದಲ್ಲಿ. 1978ರಲ್ಲಿ ಅವನಿಗೆ ಸ್ವಂತ ಕಂಠ ಬಂದಿತ್ತು.

ಎರವಲು ಕಂಠದಿಂದ ಸ್ವಂತ ಕಂಠಕ್ಕೆ

ರಾಜ್‌ಕುಮಾರ್ ರಂಗಭೂಮಿಯಿಂದ ಬಂದವರು. ಗುಬ್ಬಿ ವೀರಣ್ಣನವರ ಕಂಪನಿಯ ನಾಟಕಗಳಲ್ಲಿ ನಟನಾದವನು ಹಾಡಲೇಬೇಕಿತ್ತು. ಮೈಕಿನ ಆಸರೆ ಕಡಿಮೆಯಿದ್ದ ಆ ಕಾಲದಲ್ಲಿ ಕೊನೆಯ ಸಾಲಿನವನಿಗೂ ಅಕ್ಷರ ಅಕ್ಷರ ಕೇಳಿಸಬೇಕಿತ್ತು. ಪ್ರಾಥಮಿಕ ಶಾಲೆಯ ಹಂತದಲ್ಲೇ ಓದು ಬಿಟ್ಟ ಮುತ್ತುರಾಜನಿಗೆ ನಾಟಕ ಕಂಪನಿಯೇ ಪಾಠಶಾಲೆ. ಕೇಳಿ ಕಲಿಯುವುದು, ಕಂಠಪಾಠ ಮಾಡುವುದು, ತಪ್ಪಿಲ್ಲದೆ ಒಪ್ಪಿಸುವುದು ಅಲ್ಲಿನ ಶಿಕ್ಷಣಕ್ರಮ.

ಆದರೂ ಚಿತ್ರರಂಗದಲ್ಲಿ ಅವರ ಹಾಡುಗಾರಿಕೆ ಇಪ್ಪತ್ತು ವರ್ಷ ಹೆಚ್ಚೂಕಡಿಮೆ ಮೌನವಾಗಿತ್ತು. 'ಓಹಿಲೇಶ್ವರ', 'ಮಹಿಷಾಸುರ ಮರ್ದಿನಿ' ಚಿತ್ರಗಳಲ್ಲಿ ಹಾಡಿದ್ದನ್ನು ಬಿಟ್ಟರೆ ತೆರೆಯ ಮೇಲೆ ಅವರ ದನಿಯೆಂದರೆ ಪಿ.ಬಿ. ಶ್ರೀನಿವಾಸ್ ಅವರ ದನಿಯೇ ಆಗಿತ್ತು. ಕಾಕಿನಾಡದಲ್ಲಿ ಹುಟ್ಟಿದ ಶ್ರೀನಿವಾಸ್ ರಾಜ್‌ಕುಮಾರ್ ಅವರ ಮಾತಿಗೆ ಎಷ್ಟು ಹೊಂದಿಕೊಂಡಿದ್ದರೆಂದರೆ, ಇಬ್ಬರದೂ ಒಂದೇ ಕಂಠ ಎಂದು ನಂಬಿದ್ದವರು ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿಯಿದ್ದರು.

1974ರ 'ಸಂಪತ್ತಿಗೆ ಸವಾಲ್' ಈ ವ್ಯವಸ್ಥೆಯನ್ನು ಬದಲಿಸಿತು. ಎಮ್ಮೆಯ ಮೇಲೆ ಕೂತು ನಾಯಕ ಹಾಡುವ ಹಾಡನ್ನು ರಾಜ್‌ಕುಮಾರ್ ತಾವೇ ಹಾಡಿದರು. ಆ ಚಿತ್ರದ ಸಂಗೀತ ನಿರ್ದೇಶಕರೂ ಜಿ.ಕೆ. ವೆಂಕಟೇಶ್. ಹಾಡು ನಾಡಿನಾದ್ಯಂತ ಮೊಳಗಿತು. ಅಲ್ಲಿಂದ ಮುಂದೆ ರಾಜ್‌ಕುಮಾರ್ ತಮ್ಮ ಪಾತ್ರಗಳಿಗೆ ತಾವೇ ಹಾಡುವುದು ರೂಢಿಯಾಯಿತು. 'ಜೀವನ ಚೈತ್ರ' ಚಿತ್ರದ ಗಾಯನಕ್ಕೆ ಅವರಿಗೆ 1992ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂದದ್ದು ಈ ಪಯಣದ ಶಿಖರ. 'ಇಫ್ ಯು ಕಮ್ ಟುಡೇ' ಅವರ ಗಾಯನ ಬದುಕಿನ ಮೊದಲ ಐದಾರು ವರ್ಷಗಳಿಗೆ ಸೇರಿದ್ದು. ಐವತ್ತರ ಹೊಸ್ತಿಲಲ್ಲಿದ್ದ ನಟರೊಬ್ಬರು ಗಾಯಕರಾಗಿ ಇನ್ನೂ ಹೊಸಬರು ಎಂಬ ವಿಚಿತ್ರ ಸನ್ನಿವೇಶದಲ್ಲಿ ಆ ಹಾಡು ಹುಟ್ಟಿತು.

ಶಹನಾಯಿಯಿಂದ ಗಿಟಾರಿಗೆ

ಈ ಕಥೆಯಲ್ಲಿ ರಾಜ್‌ಕುಮಾರ್ ಅವರಷ್ಟೇ ಮುಖ್ಯರಾದವರು ಜಿ.ಕೆ. ವೆಂಕಟೇಶ್. ಮನೆಮಾತು ತೆಲುಗು, ನೆಲೆಸಿದ್ದು ಮದರಾಸಿನಲ್ಲಿ, ಹೆಸರು ಗಳಿಸಿದ್ದು ಕನ್ನಡದಲ್ಲಿ. ಅಣ್ಣ ಜಿ.ಕೆ. ಶೇಷಗಿರಿ ವೀಣಾವಾದಕರು. ಆಗ ಕನ್ನಡ ಚಿತ್ರಗಳ ಹಾಡುಗಳು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲೇ ಮುದ್ರಣಗೊಳ್ಳುತ್ತಿದ್ದವು. ಅಲ್ಲಿ ಮೃದಂಗ, ವೀಣೆ ಬಲ್ಲವರ ಪಕ್ಕದಲ್ಲೇ ಪಾಶ್ಚಾತ್ಯ ಸ್ವರಲಿಪಿ ಓದಿ ಪಿಟೀಲು, ಟ್ರಂಪೆಟ್, ಸ್ಯಾಕ್ಸೋಫೋನ್, ಗಿಟಾರ್ ನುಡಿಸುವವರೂ ಕೂರುತ್ತಿದ್ದರು. ನಾಲ್ಕು ಭಾಷೆಯ ಚಿತ್ರಗಳಿಗೆ ಅದೇ ವಾದ್ಯಗಾರರು. ಬೆಳಿಗ್ಗೆ ತಮಿಳು ಭಕ್ತಿಗೀತೆ, ಮಧ್ಯಾಹ್ನ ಕನ್ನಡದ ಯುಗಳಗೀತೆ ಎಂಬಂತೆ ಕೆಲಸ ಸಾಗುತ್ತಿತ್ತು.

ಗಾಯಕ, ವಾದ್ಯವೃಂದ ಎಲ್ಲರೂ ಒಟ್ಟಿಗೆ ಕೂತು ಒಂದೇ ಓಟದಲ್ಲಿ ಹಾಡು ಮುಗಿಸುವುದು ಅಂದಿನ ಕ್ರಮ. ನಡುವೆ ಯಾರೊಬ್ಬರು ಎಡವಿದರೂ ಮತ್ತೆ ಮೊದಲಿನಿಂದ. ಹೀಗಾಗಿ ಗಾಯಕ ಸ್ಟುಡಿಯೋಗೆ ಬರುವ ಮುನ್ನವೇ ಹಾಡು ಅವನ ನಾಲಿಗೆಯಲ್ಲಿ ಕೂತಿರಬೇಕಿತ್ತು. ನಾಟಕ ಕಂಪನಿಯ ಪಾಠ ರಾಜ್‌ಕುಮಾರ್ ಅವರಿಗೆ ಇಲ್ಲಿ ನೆರವಾಯಿತೆನ್ನಬಹುದು.

ವೆಂಕಟೇಶ್ ಅವರ ಬಳಿ ಸಹಾಯಕರಾಗಿ, ಗಿಟಾರ್ ವಾದಕರಾಗಿ ದುಡಿದ ತರುಣರಲ್ಲಿ ಇಳಯರಾಜ ಒಬ್ಬರು. 1976ರ 'ಅನ್ನಕಿಳಿ' ತಮಿಳು ಚಿತ್ರದಿಂದ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ಅವರು ವೆಂಕಟೇಶ್ ಅವರ ಜೊತೆ ದುಡಿದದ್ದು ಹೆಚ್ಚಾಗಿ ಕನ್ನಡ ಚಿತ್ರಗಳಿಗೇ. ಜಾನಪದ ಮಟ್ಟು, ಶಾಸ್ತ್ರೀಯ ರಾಗ, ಪಾಶ್ಚಾತ್ಯ ಮೇಳ ಮೂರನ್ನೂ ಒಂದೇ ಮನೆಯಲ್ಲಿ ಕೂರಿಸುವ ಕಲೆ ಮುಂದೆ ದಕ್ಷಿಣ ಭಾರತದ ಸಂಗೀತವನ್ನೇ ಬದಲಿಸಿತು. ಅದರ ಒಂದು ಗರಡಿ ವೆಂಕಟೇಶ್ ಅವರ ವಾದ್ಯವೃಂದ.

ವೆಂಕಟೇಶ್ ಅವರ ಹರವು ಎಷ್ಟೆಂಬುದನ್ನು ತಿಳಿಯಲು ಒಂದೇ ಹೋಲಿಕೆ ಸಾಕು. 1977ರ 'ಸನಾದಿ ಅಪ್ಪಣ್ಣ' ಚಿತ್ರಕ್ಕೆ ಅವರು ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರ ಶಹನಾಯಿಯನ್ನು ಬಳಸಿಕೊಂಡರು. ರಾಜ್‌ಕುಮಾರ್ ಅಲ್ಲಿ ಹಳ್ಳಿಯ ಸನಾದಿ ವಾದಕ. ಒಂದೇ ವರ್ಷದ ಅಂತರದಲ್ಲಿ ಅದೇ ಸಂಗೀತ ನಿರ್ದೇಶಕ ಅದೇ ನಟನಿಂದ ಇಂಗ್ಲಿಷ್ ಪಾಪ್ ಹಾಡಿಸಿದರು. ಎರಡನ್ನೂ ಕನ್ನಡಿಗರು ಕಿವಿಗೊಟ್ಟು ಕೇಳಿದರು.

ಕ್ಲಬ್ಬಿನ ಹಾಡು ನಾಯಕನಿಗೆ ಒಲಿದದ್ದು

ಆ ಕಾಲದ ಚಿತ್ರಗಳಲ್ಲಿ ಪಾಶ್ಚಾತ್ಯ ಧಾಟಿಯ ಹಾಡಿಗೆ ಒಂದು ಗೊತ್ತಾದ ಜಾಗವಿತ್ತು. ಅದು ಕ್ಲಬ್ಬು. ಮಂದ ಬೆಳಕು, ಗಾಜಿನ ಲೋಟ, ಖಳನಾಯಕನ ಮೇಜು, ನಡುವೆ ನರ್ತಕಿ. ಕನ್ನಡದಲ್ಲಿ ಇಂಥ ಹಾಡುಗಳಿಗೆ ಎಲ್.ಆರ್. ಈಶ್ವರಿಯವರ ಕಂಠ ಹೇಳಿಮಾಡಿಸಿದಂತಿತ್ತು. ಬಂಗಾಳದ ಸಲಿಲ್ ಚೌಧರಿ ಸಂಗೀತ ನೀಡಿದ 1971ರ 'ಸಂಶಯ ಫಲ' ಚಿತ್ರಕ್ಕೆ ಅವರು ಹಾಡಿದ ಹಾಡು ಇಂದಿಗೂ ನೆನಪಿನಲ್ಲಿದೆ. ಇಂಥ ಹಾಡನ್ನು ನಾಯಕ ಕೇಳಬಹುದಿತ್ತು, ಆದರೆ ಹಾಡುವಂತಿರಲಿಲ್ಲ. ನಾಯಕನ ಹಾಡು ಮನೆಯಂಗಳದಲ್ಲೋ ಹೊಲದಲ್ಲೋ ದೇವರ ಮುಂದೆಯೋ ನಡೆಯಬೇಕಿತ್ತು.

ಹಿಂದಿಯಲ್ಲೂ ಸ್ಥಿತಿ ಹೆಚ್ಚು ಬೇರೆ ಇರಲಿಲ್ಲ. 1975ರ 'ಜೂಲಿ' ಚಿತ್ರಕ್ಕೆ ಪ್ರೀತಿ ಸಾಗರ್ ಹಾಡಿದ ಇಂಗ್ಲಿಷ್ ಹಾಡು ದೇಶವಿಡೀ ಜನಪ್ರಿಯವಾಯಿತು. ಬರೆದವರು ಹರೀಂದ್ರನಾಥ ಚಟ್ಟೋಪಾಧ್ಯಾಯ, ಸಂಗೀತ ರಾಜೇಶ್ ರೋಷನ್. ಆದರೆ ಅದನ್ನು ತೆರೆಯ ಮೇಲೆ ಹಾಡುವುದು ಆಂಗ್ಲೋ ಇಂಡಿಯನ್ ಮನೆಯ ಹುಡುಗಿ. ಆ ಮನೆಯಲ್ಲಿ ಇಂಗ್ಲಿಷ್ ಸಹಜ. ಮದರಾಸಿನ ಒಂದು ಕ್ಲಬ್ಬಿನಲ್ಲಿ 1969ರಲ್ಲಿ ಹಾಡಲು ಆರಂಭಿಸಿದ ಉಷಾ ಉತ್ತುಪ್ ರೇಷ್ಮೆ ಸೀರೆ ಉಟ್ಟು ಇಂಗ್ಲಿಷ್ ಪಾಪ್ ಹಾಡಿದ್ದೇ ಅಂದು ಬೆರಗಿನ ಸಂಗತಿಯಾಗಿತ್ತು.

ಇಂಥ ಹೊತ್ತಿನಲ್ಲಿ ಕನ್ನಡದ ಅತ್ಯಂತ ಗೌರವಾನ್ವಿತ ನಾಯಕನೇ ಇಂಗ್ಲಿಷ್ ಹಾಡು ಹಾಡಬೇಕಾದರೆ ಒಂದು ನೆಪ ಬೇಕಿತ್ತು. ಗೂಢಚಾರನ ಪಾತ್ರ ಆ ನೆಪ ಒದಗಿಸಿತು. ಗೂಢಚಾರನಿಗೆ ವೇಷ, ಭಾಷೆ ಎರಡೂ ವೃತ್ತಿಯ ಉಪಕರಣಗಳು. 'ಬಂಗಾರದ ಮನುಷ್ಯ'ದ ರಾಜೀವ ಈ ಹಾಡು ಹಾಡಿದ್ದರೆ ಪ್ರೇಕ್ಷಕರು ಸಹಿಸುತ್ತಿರಲಿಲ್ಲವೇನೋ. ಸಿ.ಐ.ಡಿ. 999 ಹಾಡಿದರೆ ಅಡ್ಡಿಯಿರಲಿಲ್ಲ.

ಹಾಡುಗಾರಿಕೆಯನ್ನು ಗಮನವಿಟ್ಟು ಕೇಳಿದರೆ ಒಂದು ಅಂಶ ಎದ್ದು ಕಾಣುತ್ತದೆ. ರಾಜ್‌ಕುಮಾರ್ ಇಲ್ಲಿ ಪರದೇಶದವರ ಉಚ್ಚಾರಣೆಯನ್ನು ಅನುಕರಿಸಲು ಹೆಣಗುವುದಿಲ್ಲ. ಕನ್ನಡದ ಪದ್ಯ ಹಾಡುವಾಗ ಇರುವ ಅಕ್ಷರಶುದ್ಧಿಯೇ ಇಲ್ಲಿಯೂ ಇದೆ. ಪ್ರತಿ ಪದ ಬಿಡಿಬಿಡಿಯಾಗಿ ಕೇಳಿಸುತ್ತದೆ, ಸ್ವರಗಳು ತುಂಬು ಬಾಯಲ್ಲಿ ಬರುತ್ತವೆ. ಇಂಗ್ಲಿಷ್ ಬಾರದವನೂ ಎರಡು ಸಲ ಕೇಳಿದರೆ ಕೂಡಿ ಹಾಡಬಹುದು. ಹಾಡು ಹಳ್ಳಿಹಳ್ಳಿಯ ಅಭಿಮಾನಿಗಳ ನಾಲಿಗೆಗೆ ಹತ್ತಿದ್ದರಲ್ಲಿ ಇದರ ಪಾಲು ದೊಡ್ಡದು. ನಕ್ಕವರು ನಕ್ಕದ್ದೂ ಈ ಉಚ್ಚಾರಣೆಗೇ. ಓದಿಕೊಂಡ ನಗರವಾಸಿಗೆ ಅದು ತಮಾಷೆಯಾಗಿ ಕಂಡಿತು. ಓದದ ಹಳ್ಳಿಗನಿಗೆ ತನ್ನವನೊಬ್ಬ ಆ ಭಾಷೆಯನ್ನೂ ಅಂಜದೆ ಹಿಡಿದುಕೊಂಡ ಹೆಮ್ಮೆಯಾಯಿತು.

ಅದೇ ವರ್ಷದ ಬೇರೆ ದನಿಗಳು

1978 ಕನ್ನಡ ಗೀತೆಯ ಚರಿತ್ರೆಯಲ್ಲಿ ಬೇರೆ ಕಾರಣಗಳಿಗೂ ನೆನಪಿಡಬೇಕಾದ ವರ್ಷ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂದದ್ದು ಅದೇ ವರ್ಷ. ಮೈಸೂರು ಅನಂತಸ್ವಾಮಿ ಸಂಗೀತ ನೀಡಿದ ಅದನ್ನು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಗುರುತಿಸುತ್ತಾರೆ. ಸಿನಿಮಾದ ಹಂಗಿಲ್ಲದೆ ಕವಿತೆಯೊಂದು ಮನೆಮನೆಯ ಟೇಪ್‌ರೆಕಾರ್ಡರಿಗೆ ಬರಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಚಂದ್ರಶೇಖರ ಕಂಬಾರರು ತಾವೇ ನಿರ್ದೇಶಿಸಿದ 'ಕಾಡು ಕುದುರೆ' ಚಿತ್ರಕ್ಕೆ ಉತ್ತರ ಕರ್ನಾಟಕದ ಜಾನಪದ ಧಾಟಿಯ ಹಾಡನ್ನು ಶಿವಮೊಗ್ಗ ಸುಬ್ಬಣ್ಣ ಅವರಿಂದ ಹಾಡಿಸಿದರು. ಆ ಗಾಯನಕ್ಕೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ವೃತ್ತಿಯಿಂದ ವಕೀಲರಾಗಿದ್ದ ಸುಬ್ಬಣ್ಣ ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗರಾದರು.

ಭಾವಗೀತೆ, ಜಾನಪದ, ಇಂಗ್ಲಿಷ್ ಪಾಪ್ ಹೀಗೆ ಒಂದೇ ಕಾಲದಲ್ಲಿ ಕನ್ನಡದ ಹಾಡು ಮೂರು ದಿಕ್ಕಿಗೆ ಚಾಚಿತ್ತು. ಮೊದಲೆರಡಕ್ಕೆ ಪ್ರಶಸ್ತಿ, ಪುಸ್ತಕ, ವಿಚಾರಸಂಕಿರಣಗಳ ಗೌರವ ದೊರೆಯಿತು. ಮೂರನೆಯದಕ್ಕೆ ಅಭಿಮಾನಿಗಳ ಶಿಳ್ಳೆ ಮಾತ್ರ ದೊರೆಯಿತು.

ಗೋಕಾಕ್ ವರದಿಯ ನೆರಳಲ್ಲಿ

ಹಾಡು ಬಂದ ಎರಡು ವರ್ಷಕ್ಕೆ, 1980ರಲ್ಲಿ, ಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ಕುರಿತು ವರದಿ ನೀಡಲು ಸರ್ಕಾರ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಪ್ರೌಢಶಾಲೆಗಳಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ಸಮಿತಿ ಶಿಫಾರಸು ಮಾಡಿತು. ವರದಿ ಜಾರಿಯಾಗಬೇಕೆಂದು ಸಾಹಿತಿಗಳು ಆರಂಭಿಸಿದ ಹೋರಾಟಕ್ಕೆ 1982ರಲ್ಲಿ ರಾಜ್‌ಕುಮಾರ್ ಧುಮುಕಿದರು. ಅವರು ಹೋದಲ್ಲೆಲ್ಲ ಜನಸಾಗರ. ಸಾಹಿತಿಗಳ ಬೇಡಿಕೆ ಜನರ ಚಳವಳಿಯಾದದ್ದು ಅವರು ಬಂದ ಮೇಲೆಯೇ.

ಹೀಗಾದ ಮೇಲೆ ಇಂಗ್ಲಿಷ್ ಹಾಡಿಗೆ ಒಂದು ಮುಜುಗರ ಅಂಟಿಕೊಂಡಿತು. ಕನ್ನಡಕ್ಕಾಗಿ ಬೀದಿಗಿಳಿದವರೇ ನಾಲ್ಕು ವರ್ಷದ ಹಿಂದೆ ಇಂಗ್ಲಿಷಿನಲ್ಲಿ ಹಾಡಿದ್ದರಲ್ಲ ಎಂದು ಕುಟುಕಲು ಕೆಲವರಿಗೆ ಅದು ಅನುಕೂಲವಾಯಿತು. ಕಟ್ಟಾ ಅಭಿಮಾನಿಗಳಿಗೆ ಅದನ್ನು ಎತ್ತಿ ಆಡುವುದು ಬೇಕಿರಲಿಲ್ಲ. ಆದರೆ ಗೋಕಾಕ್ ವರದಿ ಕೇಳಿದ್ದು ಕನ್ನಡಕ್ಕೆ ಮೊದಲ ಸ್ಥಾನವನ್ನು. ಇನ್ನೊಂದು ಭಾಷೆಯನ್ನು ಕಲಿಯಬಾರದು, ಆಡಬಾರದು, ಹಾಡಬಾರದು ಎಂದು ಅದು ಹೇಳಿರಲಿಲ್ಲ. ಗೋಕಾಕರೇ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು.

ಈ ಮಾತು ಕಮಲನಗರದಂಥ ಊರಿನವರಿಗೆ ಬೇಗ ಅರ್ಥವಾಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆ ಮೂರು ಹೋಳಾಯಿತು. ಔರಾದ್, ಭಾಲ್ಕಿ, ಹುಮನಾಬಾದ್, ಬೀದರ್ ಕನ್ನಡ ರಾಜ್ಯಕ್ಕೆ ಬಂದವು. ಉದಗೀರ್, ನಿಲಂಗಾ ಕಡೆಯವರು ಮರಾಠಿ ಭಾಗಕ್ಕೆ, ಜಹೀರಾಬಾದ್, ನಾರಾಯಣಖೇಡ್ ಕಡೆಯವರು ತೆಲುಗು ಭಾಗಕ್ಕೆ ಸೇರಿದರು. ಅದಕ್ಕೂ ಮೊದಲು, ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಭಾಷೆ ಉರ್ದು. ಇದೇ ಕಮಲನಗರದಲ್ಲಿ ಹುಟ್ಟಿದ ಭಾಲ್ಕಿ ಹಿರೇಮಠದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಕಥೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅವರ ಹಟ ಕನ್ನಡವನ್ನು ಉಳಿಸುವುದಾಗಿತ್ತು. ಉರ್ದುವನ್ನೋ ಮರಾಠಿಯನ್ನೋ ಮಾತಾಡುವ ನೆರೆಯವನು ಅವರಿಗೆ ಹಗೆಯಾಗಿರಲಿಲ್ಲ.

ಕನ್ನಡ ಚಿತ್ರಗೀತೆಗಳು ಈ ಗಡಿಭಾಗಕ್ಕೆ ಬಂದ ದಾರಿಗಳಲ್ಲಿ ರೇಡಿಯೋ ಮುಖ್ಯವಾದದ್ದು. 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಬಳಿಕ ಹಿಂದಿ, ಮರಾಠಿ, ತೆಲುಗು ಹಾಡುಗಳ ನಡುವೆ ಕನ್ನಡದ ಹಾಡೂ ದಿನನಿತ್ಯದ್ದಾಯಿತು. ಮರಾಠಿ ಮಾತಾಡುವ ಮನೆಯ ಹುಡುಗರೂ ರಾಜ್‌ಕುಮಾರ್ ಹಾಡು ಗುನುಗುವಂತಾಯಿತು. ಬೇರೆ ಭಾಷೆಯವನು ತನ್ನ ಹಾಡನ್ನು ಹಾಡಿದಾಗ ಆಗುವ ಸಂತೋಷ ಗಡಿನಾಡಿನ ಕನ್ನಡಿಗನಿಗೆ ಗೊತ್ತು. ತಾನು ಬೇರೆಯವರ ಹಾಡು ಹಾಡಿದರೆ ತನ್ನದೇನೂ ಕಳೆದುಹೋಗುವುದಿಲ್ಲ ಎಂಬುದೂ ಅವನಿಗೆ ಅನುಭವದಿಂದ ಗೊತ್ತು.

ತಟ್ಟೆಯಿಂದ ಕಿಸೆಗೆ

ಎಪ್ಪತ್ತರ ದಶಕದ ಚಿತ್ರಗೀತೆಗಳು ಹೆಚ್ಚಾಗಿ ಏಳು ಅಂಗುಲದ ಇ.ಪಿ. ತಟ್ಟೆಗಳಲ್ಲಿ ಬರುತ್ತಿದ್ದವು. ನಿಮಿಷಕ್ಕೆ 45 ಸುತ್ತು, ಎರಡೂ ಬದಿ ಸೇರಿ ಮೂರು ನಾಲ್ಕು ಹಾಡು. ಗ್ರಾಮಾಫೋನ್ ಇದ್ದವರು ಉಳ್ಳವರು ಮಾತ್ರ. ಉಳಿದವರು ಹೋಟೆಲಿನ ರೇಡಿಯೋ, ಟೂರಿಂಗ್ ಟಾಕೀಸಿನ ಧ್ವನಿವರ್ಧಕ, ಮದುವೆಮನೆಯ ಮೈಕ್‌ಸೆಟ್ ನೆಚ್ಚಿಕೊಂಡಿದ್ದರು. ಕ್ಯಾಸೆಟ್ ಬಂದಮೇಲೆ ಜನಪ್ರಿಯ ಹಾಡುಗಳೆಲ್ಲ ಹೊಸ ರೂಪ ಪಡೆದವು. ರಾಜ್‌ಕುಮಾರ್ ಗೀತೆಗಳ ಸಂಗ್ರಹಗಳಲ್ಲಿ ಮುಂದಿನ ಸಾಲು ಭಕ್ತಿಗೀತೆ, ಪ್ರೇಮಗೀತೆಗಳಿಗೇ ಮೀಸಲಾಗಿದ್ದರಿಂದ ಇಂಗ್ಲಿಷ್ ಹಾಡು ಹಿಂದೆ ಸರಿಯಿತು. ಅದಕ್ಕೆ ಹೊಸ ಜೀವ ಬಂದದ್ದು ಮೊಬೈಲು, ಯೂಟ್ಯೂಬುಗಳ ಕಾಲದಲ್ಲಿ. ಹಾಡು ಬಂದಾಗ ಹುಟ್ಟಿಯೇ ಇರದ ಹುಡುಗರು ಅದನ್ನು ಹುಡುಕಿ ಕೇಳಿದರು, ಒಬ್ಬರಿಗೊಬ್ಬರು ಕಳಿಸಿದರು. ಮೊದಮೊದಲು ನಗಲೆಂದೇ ಕೇಳಿದವರು ಬರಬರುತ್ತಾ ಇಷ್ಟಪಟ್ಟು ಕೇಳತೊಡಗಿದರು.

ಆದರೆ ಹಾಡಿನ ಬಗ್ಗೆ ಕೇಳಿ ತಿಳಿಯೋಣವೆಂದರೆ ಹೇಳುವವರು ಉಳಿದಿಲ್ಲ. ಜಿ.ಕೆ. ವೆಂಕಟೇಶ್ 1993ರಲ್ಲಿ ತೀರಿಕೊಂಡರು. ದೊರೈರಾಜ್ 2000ದಲ್ಲಿ, ರಾಜ್‌ಕುಮಾರ್ 2006ರಲ್ಲಿ, ಭಗವಾನ್ 2023ರಲ್ಲಿ ಹೊರಟುಹೋದರು. ತಟ್ಟೆಯ ಮೇಲೆ ಗಾಯಕರ, ಸಂಗೀತ ನಿರ್ದೇಶಕರ ಹೆಸರು ಅಚ್ಚಾಗುತ್ತಿತ್ತೇ ಹೊರತು ಗಿಟಾರ್ ಮೀಟಿದವರ, ಡ್ರಮ್ ಬಾರಿಸಿದವರ ಹೆಸರನ್ನು ನಮೂದಿಸುವ ಪದ್ಧತಿ ಅಂದು ಇರಲಿಲ್ಲ. ಕನ್ನಡ ಸಾಹಿತ್ಯದ ಓಲೆಗರಿಗಳನ್ನು ಹುಡುಕಿ ಕಾಪಾಡಿದ ನಾಡು ಚಿತ್ರಗೀತೆಯ ತಟ್ಟೆಗಳನ್ನು, ಸ್ಟುಡಿಯೋ ದಾಖಲೆಗಳನ್ನು ಅಷ್ಟು ಶ್ರದ್ಧೆಯಿಂದ ಕಾಪಾಡಲಿಲ್ಲ. ಇಂದು ಈ ದಾಖಲೆಗಳಲ್ಲಿ ಬಹುಪಾಲು ಉಳಿದಿರುವುದು ಖಾಸಗಿ ಸಂಗ್ರಾಹಕರ ಕಪಾಟಿನಲ್ಲಿ. ಹಳೆಯ ತಟ್ಟೆಯೊಂದು ಗುಜರಿಗೆ ಹೋದರೆ ಅದರ ಜೊತೆ ಒಂದು ಮಧ್ಯಾಹ್ನದ ದುಡಿಮೆಯ ನೆನಪೂ ಹೋಗುತ್ತದೆ.

ಗಾಜನೂರಿನ ಹುಡುಗ, ತೆಲುಗು ಮನೆಮಾತಿನ ಸಂಗೀತಗಾರ, ಹೆಸರು ಗೊತ್ತಿಲ್ಲದ ಹತ್ತಾರು ವಾದ್ಯಗಾರರು ಕೂಡಿ ಇಂಗ್ಲಿಷಿನಲ್ಲಿ ಕಟ್ಟಿದ ಆ ಹಾಡನ್ನು ಕೇಳುಗರು ಇಂದು ಕನ್ನಡದ ಹಾಡುಗಳ ಸಾಲಿನಲ್ಲೇ ಇಟ್ಟುಕೊಂಡಿದ್ದಾರೆ. ರಾಜ್‌ಕುಮಾರ್ ಹಾಡಿದ್ದು ಎಂಬ ಒಂದೇ ಕಾರಣ ಅವರಿಗೆ ಸಾಕಾಗಿದೆ.